ಹಳೆಯ ಕಾರಿನ ಕ್ರೂಸ್ ಕಂಟ್ರೋಲ್ ಹಿಡಿಯದಿದ್ದರೆ: ‘ಬೇಡ’ ಎನ್ನುತ್ತಿರುವುದು ಯಾರು?

ನನ್ನ ಹಳೆಯ ಕಾರಿನ ಕ್ರೂಸ್ ಕಂಟ್ರೋಲ್, ಅಂದರೆ ಆಕ್ಸಿಲರೇಟರ್ ಮೇಲೆ ಕಾಲಿಡದೆಯೇ ಕಾರನ್ನು ಒಂದೇ ವೇಗದಲ್ಲಿ ಓಡಿಸುವ ಸಾಧನ, ಒಂದು ಬೆಳಿಗ್ಗೆ ಕೈಕೊಟ್ಟಿತು. ಹಿಂದಿನ ವಾರದವರೆಗೂ ಸರಿಯಾಗಿಯೇ ಇತ್ತು. ಮುಖ್ಯ ಸ್ವಿಚ್ ಒತ್ತಿದರೆ ದೀಪ ಹತ್ತುತ್ತಿತ್ತು, ‘ಸೆಟ್’ ಒತ್ತಿದರೆ ಮಾತ್ರ ಏನೂ ಆಗುತ್ತಿರಲಿಲ್ಲ. ಫ್ಯೂಸ್ ನೋಡಿದೆ, ವ್ಯಾಕ್ಯೂಮ್ (ಎಂಜಿನ್ ಗಾಳಿ ಹೀರುವ ಬಲ) ಸಾಗಿಸುವ ಪೈಪುಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದೆ, ಕೇಬಲ್ ಬಿಗಿ ಮಾಡಿದೆ. ಕೊನೆಗೆ ಕ್ರೂಸನ್ನು ನಡೆಸುವ ಎಲೆಕ್ಟ್ರಾನಿಕ್ ಡಬ್ಬಿ, ಕಂಟ್ರೋಲ್ ಮಾಡ್ಯೂಲೇ ಸುಟ್ಟಿದೆ ಎಂದು ತೀರ್ಮಾನಿಸಿ, ಅದೇ ಮಾದರಿಯ ಇನ್ನೊಂದು ಕಾರಿನಿಂದ ಕಳಚಿದ್ದನ್ನು ತಂದು ಹಾಕಿದೆ. ಅದೂ ಮಾತಾಡಲಿಲ್ಲ. ಎರಡು ವಾರಾಂತ್ಯ ಕಳೆದ ಮೇಲೆ ಕಾರಣ ಸಿಕ್ಕಿದ್ದು ಕಾರಿನ ಹಿಂಭಾಗದಲ್ಲಿ. ಬ್ರೇಕ್ ದೀಪ ಇನ್ನಷ್ಟು ಚೆನ್ನಾಗಿ ಕಾಣಲಿ ಎಂದು ನಾನೇ ಹಾಕಿದ್ದ ಎಲ್‌ಇಡಿ ಬಲ್ಬುಗಳೇ ಕ್ರೂಸನ್ನು ತಡೆದಿದ್ದವು. ಹಳೆಯ ತಂತಿಯ ಬಲ್ಬುಗಳನ್ನು ಮತ್ತೆ ಹಾಕಿದ ಕೂಡಲೇ ಸರಿಹೋಯಿತು.

ಅದು ಯಾಕೆ ಹಾಗಾಯಿತು ಎಂಬುದನ್ನು ಮುಂದೆ ಹೇಳುತ್ತೇನೆ. ಆ ಎರಡು ವಾರ ನನಗೆ ಕಲಿಸಿದ್ದು ಒಂದೇ: ಕ್ರೂಸ್ ಕಂಟ್ರೋಲ್ ಎಂಬುದು ಅನುಮತಿಗಳ ಸರಪಳಿ. ಬ್ರೇಕ್ ಒತ್ತಿಲ್ಲ, ಕ್ಲಚ್ ಒತ್ತಿಲ್ಲ, ಗೇರ್ ನ್ಯೂಟ್ರಲ್‌ನಲ್ಲಿಲ್ಲ, ವೇಗ ಸಾಕಷ್ಟಿದೆ, ಚಾಲಕ ಕೇಳಿದ್ದಾನೆ ಎಂದು ಎಲ್ಲರೂ ಹೂಂ ಅಂದರೆ ಮಾತ್ರ ಅದು ಥ್ರಾಟಲ್ (ಎಂಜಿನಿಗೆ ಹೋಗುವ ಗಾಳಿಯನ್ನು ಹೆಚ್ಚು ಕಡಿಮೆ ಮಾಡುವ ಬಾಗಿಲು) ಹಿಡಿಯುತ್ತದೆ. ಒಬ್ಬರು ‘ಬೇಡ’ ಎಂದರೂ ಬಿಟ್ಟುಬಿಡುತ್ತದೆ. ಹಾಗಿರಬೇಕೆಂದೇ ಅದನ್ನು ಕಟ್ಟಿದ್ದಾರೆ. ಆದ್ದರಿಂದ ಹಿಡಿಯದ ಕ್ರೂಸ್ ಬಹುತೇಕ ಸಲ ಕೆಟ್ಟಿರುವುದಿಲ್ಲ. ಯಾವುದೋ ಒಂದು ಸ್ವಿಚ್ಚೋ ತಂತಿಯೋ ಅದಕ್ಕೆ ಸುಳ್ಳು ‘ಬೇಡ’ ಹೇಳುತ್ತಿರುತ್ತದೆ. ಆ ಸುಳ್ಳು ಹೇಳುವವರನ್ನು ಹುಡುಕುವುದೇ ದೋಷ ಪತ್ತೆಯ ಕೆಲಸ. ಮಾಡ್ಯೂಲ್ ಬದಲಿಸುವುದು ಕೊನೆಯ ಮಾತು.

ಮೊದಲು ಸುರಕ್ಷತೆ

ನಿಮ್ಮ ದೋಷ ‘ಹಿಡಿಯುವುದಿಲ್ಲ’ ಎಂಬುದಲ್ಲದೆ ‘ಬಿಡುವುದಿಲ್ಲ’ ಎಂಬುದಾದರೆ, ಅಂದರೆ ಬ್ರೇಕ್ ಒತ್ತಿದರೂ ಎಂಜಿನ್ ಎಳೆಯುತ್ತಲೇ ಇದ್ದರೆ, ಮುಂದಿನ ಯಾವ ಪರೀಕ್ಷೆಗೂ ಕಾರನ್ನು ರಸ್ತೆಗೆ ತರಬೇಡಿ. ಓಡುವಾಗಲೇ ಹಾಗಾದರೆ ಗೇರನ್ನು ನ್ಯೂಟ್ರಲ್‌ಗೆ ತಂದು, ಬ್ರೇಕನ್ನು ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿದು, ಬದಿಗೆ ನಿಲ್ಲಿಸಿ, ಆಮೇಲೆ ಎಂಜಿನ್ ಆರಿಸಿ. ಪೆಡಲನ್ನು ಮತ್ತೆ ಮತ್ತೆ ತುಳಿಯಬಾರದು. ಥ್ರಾಟಲ್ ಪೂರ್ತಿ ತೆರೆದಿರುವಾಗ ಎಂಜಿನ್‌ನಲ್ಲಿ ವ್ಯಾಕ್ಯೂಮ್ ಉಳಿಯುವುದಿಲ್ಲ, ಪ್ರತಿ ತುಳಿತಕ್ಕೂ ಬ್ರೇಕ್ ಒತ್ತಲು ನೆರವಾಗುವ ಬೂಸ್ಟರ್‌ನಲ್ಲಿರುವ ಸಹಾಯ ಖರ್ಚಾಗುತ್ತಾ ಹೋಗುತ್ತದೆ. ಓಡುತ್ತಿರುವಾಗ ಕೀಲಿಯನ್ನು ಲಾಕ್ ಸ್ಥಾನಕ್ಕೆ ತಿರುಗಿಸಲೂಬಾರದು, ಸ್ಟೀರಿಂಗ್ ಬೀಗ ಬೀಳುತ್ತದೆ. ಎಂಜಿನ್ ಆರಿದ ಮೇಲೆ ಥ್ರಾಟಲ್ ಕೇಬಲ್ಲಿನ ಎಳೆ ಬಿಚ್ಚಿಕೊಂಡಿದೆಯೇ, ಕಾಲ ಕೆಳಗಿನ ಮ್ಯಾಟ್ ಪೆಡಲ್ ಮೇಲೆ ಏರಿದೆಯೇ, ಕ್ರೂಸ್ ಕೇಬಲ್ ಎಲ್ಲಾದರೂ ಸಿಕ್ಕಿಕೊಂಡಿದೆಯೇ ನೋಡಿ. ಅದು ಸರಿಯಾಗುವವರೆಗೆ ಕ್ರೂಸ್ ಕೇಬಲ್ಲನ್ನು ಥ್ರಾಟಲ್ ತುದಿಯಿಂದ ಕಳಚಿಡಿ.

ಸ್ಟೀರಿಂಗ್ ಚಕ್ರದಲ್ಲಿ ಏರ್‌ಬ್ಯಾಗ್ ಇದ್ದರೆ ಅದನ್ನು ಮುಟ್ಟುವ ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಕಾರಿನ ಕೈಪಿಡಿ ಹೇಳಿದಷ್ಟು ಹೊತ್ತು ಕಾಯಬೇಕು. ಏರ್‌ಬ್ಯಾಗಿನ ಹಳದಿ ಕನೆಕ್ಟರ್‌ಗಳಿಗೆ ಮಲ್ಟಿಮೀಟರ್ ತಾಗಿಸಲೇಬಾರದು.

ನಿಮ್ಮ ಕಾರಿನಲ್ಲಿರುವುದು ಯಾವ ಬಗೆ?

ಅಮೆರಿಕದ ಎಂಜಿನಿಯರ್ ರಾಲ್ಫ್ ಟೀಟರ್ ಅವರಿಗೆ ಈ ಸಾಧನದ ಪೇಟೆಂಟ್ ಸಿಕ್ಕಿದ್ದು 1950ರಲ್ಲಿ; ಚಿಕ್ಕಂದಿನಲ್ಲೇ ಕಣ್ಣು ಕಳೆದುಕೊಂಡಿದ್ದ ಅವರು ಸ್ವತಃ ಕಾರು ಓಡಿಸುವಂತಿರಲಿಲ್ಲ. 1958ರ ಕ್ರೈಸ್ಲರ್ ಕಾರುಗಳಲ್ಲಿ ಅದು ಮೊದಲು ಮಾರುಕಟ್ಟೆಗೆ ಬಂತು. ಅಲ್ಲಿಂದೀಚೆಗೆ ಒಳಗಿನ ಯಂತ್ರ ಹಲವು ಸಲ ಬದಲಾಗಿದೆ. ದೋಷ ಹುಡುಕುವವರಿಗೆ ಮೂರು ಬಗೆ ಗೊತ್ತಿದ್ದರೆ ಸಾಕು.

ಬಾನೆಟ್ ಎತ್ತಿ ಥ್ರಾಟಲ್ ನೋಡಿ. ಅದಕ್ಕೆ ಎರಡು ಕೇಬಲ್ ಬಂದಿದ್ದರೆ ಒಂದು ಆಕ್ಸಿಲರೇಟರ್ ಪೆಡಲಿನದು, ಇನ್ನೊಂದು ಕ್ರೂಸಿನದು. ಎರಡನೆಯದನ್ನು ಹಿಡಿದು ಹೋದರೆ ಒಂದು ಡಬ್ಬಿ ಸಿಗುತ್ತದೆ. ಅದಕ್ಕೆ ರಬ್ಬರ್ ಪೈಪು ಇದ್ದರೆ ವ್ಯಾಕ್ಯೂಮ್ ಬಗೆ. ಬರೀ ವಿದ್ಯುತ್ ಕನೆಕ್ಟರ್ ಇದ್ದರೆ ಒಳಗೆ ಮೋಟಾರ್ ಮತ್ತು ವಿದ್ಯುತ್ಕಾಂತದ ಕ್ಲಚ್ ಇರುವ ಬಗೆ. ಥ್ರಾಟಲ್‌ಗೆ ಕೇಬಲ್ಲೇ ಇಲ್ಲದಿದ್ದರೆ ಅದು ವಿದ್ಯುತ್ ಥ್ರಾಟಲ್. ಅಲ್ಲಿ ಕ್ರೂಸಿಗೆ ಪ್ರತ್ಯೇಕ ಯಂತ್ರವಿಲ್ಲ, ಎಂಜಿನಿನ ಕಂಪ್ಯೂಟರೇ (ಇಸಿಯು) ಎಲ್ಲ ಮಾಡುತ್ತದೆ. ಮೂರನೆಯದರಲ್ಲಿ ನೋಡಬೇಕಾದ್ದು ಸ್ವಿಚ್ಚುಗಳು ಮತ್ತು ಸೆನ್ಸರ್‌ಗಳು ಮಾತ್ರ.

ಆರು ಪ್ರಶ್ನೆಗಳು, ಉಪಕರಣ ಎತ್ತುವ ಮೊದಲು

ಮುಖ್ಯ ಸ್ವಿಚ್ ಒತ್ತಿದಾಗ ದೀಪ ಹತ್ತುತ್ತದೆಯೇ? ಹಾರ್ನ್ ಕೆಲಸ ಮಾಡುತ್ತಿದೆಯೇ? ಸ್ಪೀಡೋಮೀಟರ್ ಮುಳ್ಳು ನಡುಗದೆ ನಿಲ್ಲುತ್ತದೆಯೇ? ಬ್ರೇಕ್ ಒತ್ತಿದಾಗ ಹಿಂದಿನ ಎಲ್ಲ ದೀಪಗಳೂ, ಮೇಲಿನ ಮೂರನೆಯದೂ ಸೇರಿ, ಹತ್ತುತ್ತವೆಯೇ, ಬಿಟ್ಟ ಕೂಡಲೇ ಆರುತ್ತವೆಯೇ? ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ದೀಪವೋ ಎಬಿಎಸ್ ದೀಪವೋ ಹತ್ತಿಕೊಂಡೇ ಇದೆಯೇ? ಇತ್ತೀಚೆಗೆ ಯಾರಾದರೂ ಬಲ್ಬು, ಬ್ರೇಕ್ ಪೆಡಲ್, ಸ್ಟೀರಿಂಗ್, ಬ್ಯಾಟರಿ ಇವುಗಳಲ್ಲಿ ಏನನ್ನಾದರೂ ಮುಟ್ಟಿದ್ದಾರೆಯೇ?

ಆರನೆಯ ಪ್ರಶ್ನೆಯನ್ನು ನಾನು ಕೇಳಿಕೊಂಡಿದ್ದರೆ ನನ್ನ ಕೆಲಸ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು.

ಹಾರ್ನ್, ಕ್ರೂಸ್, ಏರ್‌ಬ್ಯಾಗ್ ದೀಪ ಮೂರೂ ಒಟ್ಟಿಗೆ ತಕರಾರು ಮಾಡುತ್ತಿದ್ದರೆ ಬೇರೆಲ್ಲೂ ಹುಡುಕಬೇಕಾಗಿಲ್ಲ: ಸ್ಟೀರಿಂಗ್ ಚಕ್ರದ ಹಿಂದೆ ಸುರುಳಿ ಸುತ್ತಿಕೊಂಡಿರುವ ಚಪ್ಪಟೆ ತಂತಿ, ಮೆಕ್ಯಾನಿಕ್‌ಗಳು ಕ್ಲಾಕ್ ಸ್ಪ್ರಿಂಗ್ ಎನ್ನುವುದು, ತುಂಡಾಗಿರುತ್ತದೆ. ಎಂಜಿನ್ ದೀಪ ಹತ್ತಿದ್ದರೆ ಮೊದಲು ಅದನ್ನು ಸರಿಪಡಿಸಿ. ಸುಬಾರು ಮೊದಲಾದ ಕೆಲವು ಕಾರುಗಳು ಎಂಜಿನ್ ದೀಪ ಹತ್ತಿರುವಷ್ಟು ಹೊತ್ತು ಕ್ರೂಸನ್ನು ಬೇಕೆಂದೇ ತಡೆಹಿಡಿಯುತ್ತವೆ.

ಕೊನೆಯದಾಗಿ, ಬಹಳಷ್ಟು ಕಾರುಗಳಲ್ಲಿ ಗಂಟೆಗೆ ಸುಮಾರು 40 ಕಿ.ಮೀ. ದಾಟದೆ ಕ್ರೂಸ್ ಹಿಡಿಯುವುದೇ ಇಲ್ಲ. ಅದಕ್ಕಿಂತ ನಿಧಾನದಲ್ಲಿ ಪರೀಕ್ಷಿಸಿ ‘ಕೆಟ್ಟಿದೆ’ ಎನ್ನುವವರನ್ನು ನೋಡಿದ್ದೇನೆ.

ಬ್ರೇಕ್ ಸ್ವಿಚ್: ಮೊದಲು ಹಿಡಿಯಬೇಕಾದ್ದು ಇದನ್ನೇ

ಪೆಡಲಿನ ಮೇಲ್ತುದಿಯಲ್ಲಿ, ಡ್ಯಾಶ್‌ಬೋರ್ಡಿನ ಕೆಳಗೆ ತಲೆ ಹಾಕಿದರೆ ಕಾಣುವ ಚಿಕ್ಕ ಸ್ವಿಚ್ ಇದು. ಹೆಚ್ಚಿನ ಕಾರುಗಳಲ್ಲಿ ಇದರೊಳಗೆ ಎರಡು ಜೋಡಿ ಸಂಪರ್ಕಗಳಿವೆ. ಒಂದು ಜೋಡಿ ಪೆಡಲ್ ಒತ್ತಿದಾಗ ಕೂಡಿಕೊಂಡು ಬ್ರೇಕ್ ದೀಪ ಹತ್ತಿಸುತ್ತದೆ. ಇನ್ನೊಂದು ತದ್ವಿರುದ್ಧ: ಪೆಡಲ್ ಬಿಟ್ಟಾಗ ಕೂಡಿರುತ್ತದೆ, ಒತ್ತಿದಾಗ ಬಿಡುತ್ತದೆ, ಕ್ರೂಸಿಗೆ ಹೋಗುವ ಕರೆಂಟನ್ನು ಕಡಿಯುತ್ತದೆ. ಬ್ರೇಕ್ ದೀಪ ಸರಿಯಾಗಿ ಹತ್ತುತ್ತಿದೆ ಎಂದ ಮಾತ್ರಕ್ಕೆ ಎರಡನೆಯ ಜೋಡಿಯೂ ಸರಿಯಿದೆ ಎಂದಾಗುವುದಿಲ್ಲ. ಎಷ್ಟೋ ಮೆಕ್ಯಾನಿಕ್‌ಗಳು ಇಲ್ಲಿಯೇ ಎಡವುತ್ತಾರೆ.

ಕನೆಕ್ಟರ್ ಬಿಚ್ಚಿ ಎರಡನೆಯ ಜೋಡಿಗೆ ಮಲ್ಟಿಮೀಟರ್ ಇಡಿ. ಪೆಡಲ್ ಬಿಟ್ಟಾಗ 1 ಓಮ್‌ಗಿಂತ ಕಡಿಮೆ ತೋರಿಸಬೇಕು, ಪೆಡಲನ್ನು ಬೆರಳಿನಿಂದ ಸ್ವಲ್ಪ ಅದುಮಿದರೂ ಸಂಪರ್ಕ ಕಡಿಯಬೇಕು. ಇಷ್ಟಕ್ಕೇ ನಂಬಬೇಡಿ. ಸುಟ್ಟು ಗುಳಿಬಿದ್ದ ಸಂಪರ್ಕ ಮೀಟರಿನ ಅತಿ ಸಣ್ಣ ಕರೆಂಟಿಗೆ ಸರಿಯೆನಿಸಿ, ನಿಜವಾದ ಹೊರೆ ಬಿದ್ದಾಗ ಸೋಲುತ್ತದೆ. ಆದ್ದರಿಂದ ಕನೆಕ್ಟರ್ ಮತ್ತೆ ಜೋಡಿಸಿ, ಕೀಲಿ ಆನ್ ಮಾಡಿ, ಕ್ರೂಸ್ ಮುಖ್ಯ ಸ್ವಿಚ್ಚೂ ಆನ್ ಇಟ್ಟು, ಸ್ವಿಚ್ಚಿಗೆ ಬರುವ ತಂತಿ ಮತ್ತು ಹೋಗುವ ತಂತಿಯ ನಡುವೆ ವೋಲ್ಟೇಜ್ ಅಳೆಯಿರಿ. ಅರ್ಧ ವೋಲ್ಟ್‌ಗಿಂತ ಹೆಚ್ಚು ಅಲ್ಲೇ ಕಳೆದುಹೋಗುತ್ತಿದ್ದರೆ ಸ್ವಿಚ್ ಬದಲಿಸಿ.

ಹಿಡಿದ ಕ್ರೂಸ್ ರಸ್ತೆಯ ಉಬ್ಬುತಗ್ಗಿನಲ್ಲಿ ಬಿಟ್ಟುಬಿಡುವ ದೋಷಕ್ಕೂ ಹೆಚ್ಚಾಗಿ ಇದೇ ಕಾರಣ. ಸ್ವಿಚ್ಚಿನ ಸ್ಥಾನ ತುಸು ಸರಿದಿರುತ್ತದೆ, ಅಥವಾ ಪೆಡಲಿಗೂ ಸ್ವಿಚ್ಚಿನ ಕಡ್ಡಿಗೂ ನಡುವೆ ಇದ್ದ ಸಣ್ಣ ರಬ್ಬರ್ ಬಿಲ್ಲೆ ಒಣಗಿ ಪುಡಿಯಾಗಿರುತ್ತದೆ. ಕಾರಿನ ಒಳಗೆ, ಪೆಡಲಿನ ಕೆಳಗೆ ಅದರ ಚೂರುಗಳು ಬಿದ್ದಿದ್ದರೆ ಬೇರೆ ಪುರಾವೆಯೇ ಬೇಡ. ಕತ್ತಲಾದ ಮೇಲೆ ಹಿಂದಿನ ಕಾರಿನಲ್ಲಿ ಗೆಳೆಯರೊಬ್ಬರನ್ನು ಕರೆದುಕೊಂಡು ಹೋಗಿ, ಉಬ್ಬು ಸಿಕ್ಕಿದಾಗೆಲ್ಲ ನಿಮ್ಮ ಬ್ರೇಕ್ ದೀಪ ಮಿನುಗುತ್ತದೆಯೇ ಎಂದು ನೋಡಲು ಹೇಳಿ. ಮಿನುಗಿದರೆ ಸ್ವಿಚ್ಚಿನ ಸ್ಥಾನ ಹೊಂದಿಸಿ. ಮ್ಯಾನ್ಯುವಲ್ ಗೇರಿನ ಕಾರಿನಲ್ಲಿ ಕ್ಲಚ್ ಪೆಡಲಿಗೂ ಇಂಥದ್ದೇ ಸ್ವಿಚ್ ಇದೆ, ಪರೀಕ್ಷೆಯೂ ಇದೇ.

ಈಗ ಬಲ್ಬಿನ ಕಥೆ. ಅನೇಕ ಹಳೆಯ ಮಾಡ್ಯೂಲ್‌ಗಳು ಬ್ರೇಕ್ ದೀಪದ ತಂತಿಯನ್ನು ಕೂಡ ಗಮನಿಸುತ್ತಿರುತ್ತವೆ. ಪೆಡಲ್ ಬಿಟ್ಟಾಗ ಆ ತಂತಿ ಬಲ್ಬಿನೊಳಗಿನ ತಂತಿಯ ಎಳೆಯ (ಫಿಲಮೆಂಟ್) ಮೂಲಕ ನೇರ ಅರ್ತ್‌ಗೆ ಸೇರಿರುತ್ತದೆ, ಏಕೆಂದರೆ ತಣ್ಣಗಿರುವ ಎಳೆಯ ರೋಧ ತೀರಾ ಕಡಿಮೆ. ಮಾಡ್ಯೂಲ್ ಅಲ್ಲಿ ಸೊನ್ನೆ ವೋಲ್ಟ್ ಕಂಡು ‘ಬ್ರೇಕ್ ಒತ್ತಿಲ್ಲ, ದೀಪದ ತಂತಿಯೂ ಸರಿಯಿದೆ’ ಎಂದು ಒಪ್ಪುತ್ತದೆ. ಎಲ್ಲ ಬಲ್ಬುಗಳೂ ಸುಟ್ಟರೆ, ಅಥವಾ ಎಲ್‌ಇಡಿ ಹಾಕಿದರೆ, ಆ ದಾರಿ ಮುಚ್ಚಿಹೋಗುತ್ತದೆ. ತಂತಿ ಅತಂತ್ರವಾಗಿ ಕೆಲವು ವೋಲ್ಟ್‌ಗಳಲ್ಲಿ ತೇಲುತ್ತಿರುತ್ತದೆ, ಮಾಡ್ಯೂಲ್ ಬ್ರೇಕ್ ಒತ್ತಿದೆ ಎಂದೇ ತಿಳಿಯುತ್ತದೆ. ಪರೀಕ್ಷೆ ಸುಲಭ: ಪೆಡಲ್ ಬಿಟ್ಟಿರುವಾಗ ಮಾಡ್ಯೂಲ್ ಕನೆಕ್ಟರಿನ ಬ್ರೇಕ್ ದೀಪದ ತಂತಿಯಲ್ಲಿ ವೋಲ್ಟೇಜ್ ನೋಡಿ. ಸೊನ್ನೆಯ ಹತ್ತಿರ ಇರಬೇಕು. ಇಲ್ಲದಿದ್ದರೆ ಒಂದಾದರೂ ಫಿಲಮೆಂಟ್ ಬಲ್ಬು ಹಾಕಿ ಮತ್ತೆ ನೋಡಿ.

ಫೋರ್ಡ್ ಕಾರು ಇರುವವರಿಗೆ ಒಂದು ಮಾತು

ಬ್ರೇಕ್ ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಇನ್ನೊಂದು ಸ್ವಿಚ್ 1990ರ ದಶಕದ ಮತ್ತು 2000ದ ಆಚೀಚಿನ ಹಲವು ಫೋರ್ಡ್ ವಾಹನಗಳಲ್ಲಿದೆ. ಒಳಗಿನ ತೆಳು ಪೊರೆ ಸವೆದು ಎಣ್ಣೆ ವಿದ್ಯುತ್ ಭಾಗಕ್ಕೆ ಸೋರಿ, ಎಂಜಿನ್ ಆರಿಸಿ ನಿಲ್ಲಿಸಿದ್ದ ಕಾರಿಗೂ ಬೆಂಕಿ ಹತ್ತಿದ ಪ್ರಕರಣಗಳಾದವು. ಎಷ್ಟೋ ಮಾದರಿಗಳಲ್ಲಿ ಆ ಸ್ವಿಚ್ಚಿಗೆ ಕೀಲಿ ತೆಗೆದ ಮೇಲೂ ಕರೆಂಟ್ ಇರುತ್ತಿತ್ತು. 1999ರಿಂದ 2009ರವರೆಗೆ ಹಂತ ಹಂತವಾಗಿ 1 ಕೋಟಿಗೂ ಹೆಚ್ಚು ವಾಹನಗಳನ್ನು ಕಂಪನಿ ಇದಕ್ಕಾಗಿ ವಾಪಸ್ ಕರೆದು ಸರಿಪಡಿಸಿತು. ನಿಮ್ಮದು ಆ ಕಾಲದ ಕಾರಾದರೆ ಬ್ರೇಕ್ ಎಣ್ಣೆಗೆ ಒತ್ತಡ ಕೊಡುವ ಮಾಸ್ಟರ್ ಸಿಲಿಂಡರಿನ ಸುತ್ತ ಈ ಸ್ವಿಚ್ ಹುಡುಕಿ, ಕನೆಕ್ಟರ್ ಬಿಚ್ಚಿ ಒಳಗೆ ಎಣ್ಣೆಯ ಪಸೆ ಇದೆಯೇ ನೋಡಿ, ವಾಹನದ ಚಾಸಿ ಸಂಖ್ಯೆ ಕೊಟ್ಟು ದುರಸ್ತಿ ಬಾಕಿ ಇದೆಯೇ ಎಂದು ವಿಚಾರಿಸಿ. ಕ್ರೂಸ್ ಬಳಸದವರೂ ಇದನ್ನು ನೋಡಲೇಬೇಕು.

ಸ್ಟೀರಿಂಗ್ ಗುಂಡಿಗಳು

ಬಹುತೇಕ ಕಾರುಗಳಲ್ಲಿ ಸೆಟ್, ರೆಸ್ಯೂಮ್, ಕ್ಯಾನ್ಸಲ್ ಗುಂಡಿಗಳಿಗೆಲ್ಲ ಒಂದೇ ತಂತಿ. ಯಾವ ಗುಂಡಿ ಒತ್ತಿದೆ ಎಂಬುದು ಅದರ ರೆಸಿಸ್ಟರ್ ಬೆಲೆಯಿಂದ ಮಾಡ್ಯೂಲಿಗೆ ಗೊತ್ತಾಗುತ್ತದೆ. ಸ್ಟೀರಿಂಗ್ ಕಾಲಮ್ಮಿನ ಕೆಳಗಿನ ಕನೆಕ್ಟರ್‌ನಲ್ಲಿ ಅಳೆದರೆ ಪ್ರತಿ ಗುಂಡಿಗೂ ಬೇರೆ ಬೇರೆ ಸ್ಥಿರವಾದ ಓಮ್ ಸಿಗಬೇಕು. ಬೆಲೆಗಳನ್ನು ಕಾರಿನ ಸರ್ವಿಸ್ ಕೈಪಿಡಿಯಲ್ಲಿ ನೋಡಿ. ಗುಂಡಿ ಒತ್ತಿಹಿಡಿದೇ ಚಕ್ರವನ್ನು ಎಡತುದಿಯಿಂದ ಬಲತುದಿಗೆ ತಿರುಗಿಸಿ. ಮಧ್ಯೆ ಎಲ್ಲಾದರೂ ಅಂಕಿ ಜಿಗಿದರೆ ದೋಷ ಗುಂಡಿಯದ್ದಲ್ಲ, ಸುರುಳಿ ತಂತಿಯದು.

ವೇಗದ ಸುದ್ದಿ ತಲುಪುತ್ತಿದೆಯೇ?

ಸ್ಪೀಡೋಮೀಟರ್ ಓಡುತ್ತಿದೆ, ಹಾಗಾಗಿ ವೇಗದ ಸೆನ್ಸರ್ ಸರಿಯಿದೆ ಎನ್ನುವ ತರ್ಕ ಅರ್ಧ ಮಾತ್ರ ನಿಜ. ಮೀಟರಿಗೂ ಮಾಡ್ಯೂಲಿಗೂ ಬೇರೆ ಬೇರೆ ತಂತಿ ಹೋಗಿರಬಹುದು. ಕೇಬಲ್ಲಿನಿಂದ ತಿರುಗುವ ಹಳೆಯ ಸ್ಪೀಡೋಮೀಟರ್‌ಗಳಲ್ಲಂತೂ ಕ್ರೂಸಿಗೆಂದೇ ಮೀಟರಿನ ಬೆನ್ನಿಗೆ ಇನ್ನೊಂದು ಚಿಕ್ಕ ಸೆನ್ಸರ್ ಇರುವುದುಂಟು. ಮುಳ್ಳು ಚೆನ್ನಾಗಿ ಏರುತ್ತಿದ್ದರೂ ಅದು ಸತ್ತಿರಬಹುದು.

ಆದ್ದರಿಂದ ಅಳೆಯಬೇಕಾದ್ದು ಮಾಡ್ಯೂಲಿನ ಕನೆಕ್ಟರ್‌ನಲ್ಲಿ. ಚಾಲನೆಯ ಚಕ್ರಗಳನ್ನು ಎತ್ತಿ, ಕಾರನ್ನು ಜ್ಯಾಕ್ ಸ್ಟ್ಯಾಂಡ್ ಮೇಲೆ ಭದ್ರವಾಗಿ ಕೂರಿಸಿ (ಬರೀ ಜ್ಯಾಕ್ ಮೇಲೆ ಎಂದಿಗೂ ಬೇಡ), ನೆಲದಲ್ಲಿರುವ ಚಕ್ರಗಳಿಗೆ ಹಿಂದೆ ಮುಂದೆ ಅಡ್ಡ ಕೊಟ್ಟು, ನ್ಯೂಟ್ರಲ್‌ನಲ್ಲಿ ಚಕ್ರವನ್ನು ಕೈಯಿಂದ ತಿರುಗಿಸಿ. ಮೂರು ತಂತಿಯ ಹಾಲ್ (ಕಾಂತದ ಬದಲಾವಣೆ ಗುರುತಿಸುವ) ಸೆನ್ಸರ್ ಆಗಿದ್ದರೆ ಕೀಲಿ ಆನ್ ಇರುವಾಗ ವೋಲ್ಟೇಜ್ ಸೊನ್ನೆಗೂ 5ಕ್ಕೂ ಅಥವಾ 12ಕ್ಕೂ ನಡುವೆ ಏರಿಳಿಯಬೇಕು. ಎರಡು ತಂತಿಯ ಸುರುಳಿ ಸೆನ್ಸರ್ ಆಗಿದ್ದರೆ ಮೀಟರನ್ನು ಎಸಿ ವೋಲ್ಟೇಜಿಗೆ ಇಡಿ, ವೇಗ ಹೆಚ್ಚಿದಂತೆ ಅಂಕಿ ಹೆಚ್ಚಬೇಕು. ದೋಷದ ಕೋಡ್ ಓದಲು ಸ್ಕ್ಯಾನರ್ ಜೋಡಿಸುವ ಒಬಿಡಿ-2 ವ್ಯವಸ್ಥೆ ಇರುವ ಕಾರಾದರೆ ಸ್ಕ್ಯಾನರಿನಲ್ಲಿ ನೇರ ನೋಡಬಹುದು. ಪಿ0500 ಬಂದರೆ ವೇಗದ ಸೆನ್ಸರ್, ಪಿ0571 ಬಂದರೆ ಬ್ರೇಕ್ ಸ್ವಿಚ್ಚಿನ ಸರ್ಕ್ಯೂಟ್. ಕೋಡ್ ಬಂತೆಂದು ಬಿಡಿಭಾಗ ಕೊಳ್ಳಬೇಡಿ, ಅದು ತೋರಿಸುವುದು ಸರ್ಕ್ಯೂಟನ್ನು. ತಂತಿ, ಕನೆಕ್ಟರ್ ಎಲ್ಲವೂ ಆ ಮಾತಿನೊಳಗೆ ಸೇರಿವೆ.

ವ್ಯಾಕ್ಯೂಮ್ ಸರ್ವೊ: ರಬ್ಬರಿಗೆ ವಯಸ್ಸಾಗುತ್ತದೆ

ನನಗೆ ತುಂಬ ಇಷ್ಟವಾದ ಭಾಗ ಇದು, ಏಕೆಂದರೆ ಇಲ್ಲಿ ಎಲ್ಲವನ್ನೂ ಕೈಯಿಂದ ಮುಟ್ಟಿ ನೋಡಬಹುದು. ಕ್ರೂಸ್ ಕೇಬಲ್ ಎಳೆಯುವ ಡಬ್ಬಿಯೇ ಸರ್ವೊ. ಅದರೊಳಗೆ ರಬ್ಬರಿನ ಡಯಾಫ್ರಮ್, ಅಂದರೆ ತೆಳು ಪೊರೆ. ಎಂಜಿನಿನ ಇನ್‌ಟೇಕ್ ಮ್ಯಾನಿಫೋಲ್ಡ್ ಅದನ್ನು ಹೀರಿದಾಗ ಅದು ಕೇಬಲ್ ಎಳೆಯುತ್ತದೆ. ಒಂದು ಸೊಲೆನಾಯ್ಡ್ (ಕರೆಂಟಿನಿಂದ ಕೆಲಸ ಮಾಡುವ ವಾಲ್ವ್) ಹೀರುವ ದಾರಿ ತೆರೆಯುತ್ತದೆ, ಇನ್ನೊಂದು ಹೊರಗಿನ ಗಾಳಿ ಬಿಡುತ್ತದೆ. ಕರೆಂಟ್ ಹೋದರೆ ಗಾಳಿ ಬಿಡುವ ಸೊಲೆನಾಯ್ಡ್ ತಾನಾಗಿ ತೆರೆದುಕೊಂಡು ಥ್ರಾಟಲ್ ಸಡಿಲವಾಗುತ್ತದೆ. ಇದು ಸಾಲದೆಂದು ಬ್ರೇಕ್ ಪೆಡಲಿನ ಬಳಿ ಒಂದು ವಾಲ್ವ್ ಇಟ್ಟಿದ್ದಾರೆ. ಪೆಡಲ್ ಸರಿದರೆ ಅದು ಪೈಪಿಗೆ ನೇರವಾಗಿ ಗಾಳಿ ತುಂಬುತ್ತದೆ, ವಿದ್ಯುತ್ತಿನ ಹಂಗೇ ಇಲ್ಲ. ಈ ವಾಲ್ವ್ ಸರಿಯಾಗಿ ಮುಚ್ಚಿಕೊಳ್ಳದಿದ್ದರೂ ಕ್ರೂಸ್ ಹಿಡಿಯುವುದಿಲ್ಲ. ವಿದ್ಯುತ್ ಪರೀಕ್ಷೆಯೆಲ್ಲ ಮುಗಿದ ಮೇಲೂ ಸಿಗದ ದೋಷ ಎಷ್ಟೋ ಸಲ ಇಲ್ಲಿರುತ್ತದೆ.

ಎಂಜಿನ್ ತಣ್ಣಗಿರುವಾಗ ಪೈಪುಗಳನ್ನು ಬೆರಳಲ್ಲಿ ಬಾಗಿಸಿ ನೋಡಿ, ತುದಿಗಳಲ್ಲೇ ಹೆಚ್ಚು ಬಿರುಕು ಬಿಡುತ್ತವೆ. ಕೈಯಲ್ಲಿ ಒತ್ತುವ ವ್ಯಾಕ್ಯೂಮ್ ಪಂಪ್ ಇದ್ದರೆ ಬ್ರೇಕ್ ವಾಲ್ವಿನ ಪೈಪಿಗೆ ಜೋಡಿಸಿ ಪಂಪಿನ ಮೀಟರಿನಲ್ಲಿ 15 ಇಂಚು ಪಾದರಸ ತೋರುವವರೆಗೆ ಎಳೆದು ನಿಲ್ಲಿಸಿ. ಮುಳ್ಳು ಒಂದು ನಿಮಿಷ ಅಲ್ಲೇ ನಿಲ್ಲಬೇಕು, ಪೆಡಲ್ ಮುಟ್ಟಿದೊಡನೆ ಸೊನ್ನೆಗೆ ಬೀಳಬೇಕು. ಡಯಾಫ್ರಮ್ಮನ್ನೂ ಹೀಗೆಯೇ ಪರೀಕ್ಷಿಸಬಹುದು, ಆದರೆ ಗಾಳಿ ಬಿಡುವ ಸೊಲೆನಾಯ್ಡ್ ತೆರೆದೇ ಇರುವುದರಿಂದ ಅದನ್ನು ಕೈಪಿಡಿಯಲ್ಲಿ ಹೇಳಿದಂತೆ ಮುಚ್ಚಬೇಕು.

ಸಮತಟ್ಟಿನಲ್ಲಿ ಚೆನ್ನಾಗಿ ಹಿಡಿದು, ಉದ್ದನೆಯ ಏರಿನಲ್ಲಿ ಮಾತ್ರ ವೇಗ ಕುಸಿಯುತ್ತಿದ್ದರೆ ವ್ಯಾಕ್ಯೂಮ್ ಟ್ಯಾಂಕ್ ನೋಡಿ. ಏರಿನಲ್ಲಿ ಥ್ರಾಟಲ್ ಹೆಚ್ಚು ತೆರೆದಷ್ಟೂ ಮ್ಯಾನಿಫೋಲ್ಡಿನ ಹೀರುವ ಶಕ್ತಿ ಇಳಿಯುತ್ತದೆ, ಅಂದರೆ ಸರ್ವೊಗೆ ಬಲ ಹೆಚ್ಚು ಬೇಕಾದಾಗಲೇ ಅದು ಸಿಗುವುದಿಲ್ಲ. ಅಂಥ ಹೊತ್ತಿಗೆಂದೇ ಚೆಂಡಿನಂಥ ಒಂದು ಟ್ಯಾಂಕ್ ಮತ್ತು ಒಮ್ಮುಖ ವಾಲ್ವ್ ಇವೆ. ವಾಲ್ವಿನ ಒಂದು ಬದಿಯಿಂದ ಊದಿದರೆ ಗಾಳಿ ಹೋಗಬೇಕು, ಇನ್ನೊಂದು ಬದಿಯಿಂದ ಹೋಗಬಾರದು. ಎರಡೂ ಕಡೆ ಹೋದರೆ ಟ್ಯಾಂಕಿನಲ್ಲಿ ಕೂಡಿಟ್ಟದ್ದೆಲ್ಲ ಏರು ಶುರುವಾದ ಕೂಡಲೇ ಎಂಜಿನಿಗೇ ವಾಪಸ್ ಹೋಗಿರುತ್ತದೆ. ಥ್ರಾಟಲ್ಲೇ ಇಲ್ಲದ ಹಳೆಯ ಡೀಸೆಲ್ ಎಂಜಿನ್‌ಗಳಲ್ಲಿ ಮ್ಯಾನಿಫೋಲ್ಡ್ ಹೀರುವುದಿಲ್ಲವಾದ್ದರಿಂದ ಪ್ರತ್ಯೇಕ ಪಂಪ್ ಇರುತ್ತದೆ. ಅಲ್ಲಿ ಪಂಪನ್ನೂ ಸೇರಿಸಿ ನೋಡಿ.

ಕಾರು ತೂಗಾಡುವಂತೆ ವೇಗ ಏರಿಳಿದರೆ

ಹಿಡಿದ ವೇಗ ನಿಲ್ಲದೆ ಮೇಲೆ ಕೆಳಗೆ ಆಗುತ್ತಿದ್ದರೆ ಮೊದಲು ಕ್ರೂಸ್ ಆರಿಸಿ, ಕಾಲಿನಿಂದಲೇ ಅದೇ ವೇಗದಲ್ಲಿ ಓಡಿಸಿ ನೋಡಿ. ಆಗಲೂ ಎಂಜಿನ್ ಜಗ್ಗುತ್ತಿದ್ದರೆ ದೋಷ ಎಂಜಿನಿನದು. ಮುಳ್ಳು ಮಾತ್ರ ನಡುಗುತ್ತಿದ್ದರೆ ಸ್ಪೀಡೋಮೀಟರ್ ಕೇಬಲ್ ಒಣಗಿದೆ ಅಥವಾ ಬಾಗಿದೆ. ಎರಡೂ ಸರಿಯಿದ್ದರೆ ಕ್ರೂಸ್ ಕೇಬಲ್ಲಿನ ಸಡಿಲ ನೋಡಿ: ಕೇಬಲ್ ಜೋಲುತ್ತಿದ್ದರೆ ಸರ್ವೊ ಮೊದಲು ಆ ಸಡಿಲವನ್ನು ಎಳೆದುಕೊಂಡು ಆಮೇಲೆ ಥ್ರಾಟಲ್ ಮುಟ್ಟುತ್ತದೆ, ಅಷ್ಟರಲ್ಲಿ ವೇಗ ಇಳಿದಿರುತ್ತದೆ, ಹೆಚ್ಚು ಎಳೆಯುತ್ತದೆ, ವೇಗ ಏರುತ್ತದೆ. ಒಂದೆರಡು ಮಿಲಿಮೀಟರ್ ಸಡಿಲ ಸಾಕು. ಪೂರ್ತಿ ಬಿಗಿ ಮಾಡಿದರೆ ಥ್ರಾಟಲ್ ಮುಚ್ಚಿಕೊಳ್ಳದೆ ಎಂಜಿನ್ ಐಡಲ್ ಏರಿಬಿಡುತ್ತದೆ, ಅದು ಇನ್ನೂ ಕೆಟ್ಟದ್ದು. ಥ್ರಾಟಲ್ ಬಾಡಿಯೊಳಗಿನ ಮಸಿಯನ್ನೂ ಒಮ್ಮೆ ತೊಳೆದುಬಿಡಿ.

ಎಲ್ಲರೂ ಹೂಂ ಅಂದರೂ ಹಿಡಿಯದಿದ್ದರೆ

ಆಗ ಮಾತ್ರ ಮಾಡ್ಯೂಲ್. ಅದರ ಕನೆಕ್ಟರ್‌ನಲ್ಲಿ ಬ್ಯಾಟರಿ ವೋಲ್ಟೇಜ್ ಇದೆ, ಅರ್ತ್ ಗಟ್ಟಿಯಾಗಿದೆ, ಬ್ರೇಕ್, ಕ್ಲಚ್, ಗುಂಡಿ, ವೇಗ ಎಲ್ಲ ಸುದ್ದಿಯೂ ಸರಿಯಾಗಿ ಬರುತ್ತಿದೆ, ಆದರೂ ಸರ್ವೊ ಕಡೆಗೆ ಆಜ್ಞೆ ಹೊರಡುತ್ತಿಲ್ಲ ಎಂದು ಅಳೆದು ತೋರಿಸಲು ಸಾಧ್ಯವಾದರೆ ಅದು ಕೆಟ್ಟಿದೆ ಎನ್ನಬಹುದು. ಆಗಲೂ ಬಿಸಾಡಬೇಡಿ. ಮರ್ಸಿಡಿಸ್ ಕಂಪನಿಯ ಡಬ್ಲ್ಯು123, ಡಬ್ಲ್ಯು126 ಎಂಬ ಹಳೆಯ ಮಾದರಿಗಳ ಕಾಲದ ಮಾಡ್ಯೂಲ್‌ಗಳಲ್ಲಿ ಬೆಸುಗೆ ಬಿರುಕು ಬಿಡುವುದು ಎಲ್ಲರಿಗೂ ಗೊತ್ತಿರುವ ರೋಗ, ಬೇರೆ ಕಂಪನಿಗಳವೂ ಇದಕ್ಕೆ ಹೊರತಲ್ಲ. ಡಬ್ಬಿ ತೆರೆದು ಭೂತಗನ್ನಡಿಯಲ್ಲಿ ನೋಡಿದರೆ ಪಿನ್ನಿನ ಸುತ್ತ ಉಂಗುರದಂಥ ಸಣ್ಣ ಬಿರುಕು ಕಾಣುತ್ತದೆ. ಹಳೆಯ ಬೆಸುಗೆ ಹೀರಿ ತೆಗೆದು ಹೊಸದು ಹಾಕಿ, ಊದಿಕೊಂಡ ಅಥವಾ ಸೋರಿದ ಕೆಪಾಸಿಟರ್ ಬದಲಿಸಿ. ತಣ್ಣಗಿರುವಾಗ ಸರಿಯಿದ್ದು ಕಾರು ಬಿಸಿಯಾದ ಮೇಲೆ ಕೈಕೊಡುವ ಕ್ರೂಸ್‌ಗಳಲ್ಲಿ ಈ ದುರಸ್ತಿ ಬಹಳ ಸಲ ಫಲ ಕೊಡುತ್ತದೆ. ಬದಲಿ ಮಾಡ್ಯೂಲ್ ತರುವುದೇ ಆದರೆ ಭಾಗದ ಸಂಖ್ಯೆ ಅಕ್ಷರಶಃ ಹೊಂದಬೇಕು.

ದುರಸ್ತಿಯಾದ ಮೇಲೆ

ಒಣ, ನೇರ, ಖಾಲಿ ರಸ್ತೆಯಲ್ಲಿ ಕ್ರೂಸ್ ಹಿಡಿಸಿ, ಕಾಲು ಬ್ರೇಕ್ ಪೆಡಲಿನ ಹತ್ತಿರವೇ ಇರಲಿ. ಮೊದಲು ನೋಡಬೇಕಾದ್ದು ಅದು ಹಿಡಿಯಿತೇ ಎಂದಲ್ಲ, ಬಿಟ್ಟಿತೇ ಎಂದು. ಬ್ರೇಕನ್ನು ಸುಮ್ಮನೆ ತಾಗಿಸಿ, ಕ್ರೂಸ್ ಬಿಡಬೇಕು. ಮತ್ತೆ ಹಿಡಿಸಿ ಕ್ಲಚ್ ಒತ್ತಿ, ಬಿಡಬೇಕು. ಕ್ಯಾನ್ಸಲ್ ಗುಂಡಿಗೆ ಬಿಡಬೇಕು, ಮುಖ್ಯ ಸ್ವಿಚ್ ಆರಿಸಿದರೆ ಬಿಡಬೇಕು. ಇವುಗಳಲ್ಲಿ ಒಂದಕ್ಕಾದರೂ ಅದು ತಡವರಿಸಿದರೆ ಮುಖ್ಯ ಸ್ವಿಚ್ ಆರಿಸಿ ಮನೆಗೆ ಬನ್ನಿ, ಮತ್ತೆ ಬ್ರೇಕ್ ಸ್ವಿಚ್ಚಿನಿಂದಲೇ ಶುರು ಮಾಡಿ.